1918ರ ಮುಂಬಯಿ: ಕೂಡಿ ದುಡಿದ ಸೇವಾಸಂಸ್ಥೆಗಳು

ಮುಂಬಯಿ ಮಹಾನಗರದ ಇತಿಹಾಸವನ್ನು ಬರೆದವರು ಕೋಟೆ, ಬಂದರು, ಗಿರಣಿ, ರೈಲು ಇವುಗಳ ಕಥೆಯನ್ನು ವಿಸ್ತಾರವಾಗಿಯೇ ಹೇಳಿದ್ದಾರೆ. ಆದರೆ 1918ನೆಯ ಇಸವಿಯ ಅಕ್ಟೋಬರ್ 6ನೆಯ ತಾರೀಖಿಗೆ ಆ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಅಂದು ಭಾನುವಾರ. ಶರನ್ನವರಾತ್ರಿ ಆಗತಾನೆ ಪ್ರಾರಂಭವಾಗಿದ್ದ ದಿನಗಳು. ಆ ಒಂದೇ ದಿನದಲ್ಲಿ ನಗರದಲ್ಲಿ ದಾಖಲಾದ ಮರಣಗಳ ಸಂಖ್ಯೆ 768. 1911ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 9,79,445 ಮಾತ್ರವೆಂಬುದನ್ನು ನೆನೆದರೆ ಈ ಸಂಖ್ಯೆಯ ಭೀಕರತೆ ಅರ್ಥವಾಗುತ್ತದೆ. ಕಾರಣ, ಜಗತ್ತನ್ನೇ ಆವರಿಸಿದ್ದ ಇನ್‌ಫ್ಲುಯೆಂಜಾ ಜ್ವರ. ಆ ವಾರಗಳಲ್ಲಿ ನಗರದ ಧರ್ಮಸಂಸ್ಥೆಗಳು, ಜಾತಿಸಂಘಗಳು, ವೈದ್ಯರು, ವಿದ್ಯಾರ್ಥಿಗಳು ಒಟ್ಟಾಗಿ ದುಡಿದರು. ಹಾಗೆ ಒಟ್ಟಾಗಲು ಅವರಿಗೆ ಇಪ್ಪತ್ತೆರಡು ವರ್ಷಗಳು ಬೇಕಾದವು. ಆ ಇಪ್ಪತ್ತೆರಡು ವರ್ಷಗಳ ಕಥೆಯನ್ನು ಬಿಟ್ಟು 1918ರ ಕಥೆಯನ್ನು ಹೇಳಲಾಗದು.

1896ರ ಸೆಪ್ಟೆಂಬರ್ ತಿಂಗಳಲ್ಲಿ ಬಂದರಿನ ಸಮೀಪದ ಮಾಂಡ್ವಿ ಭಾಗದಲ್ಲಿ ಡಾ. ಅಕಾಸಿಯೋ ವಿಯೆಗಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದರು. ಸರ್ಕಾರವು ಮೊದಲು ಅನುಮಾನಿಸಿತು, ಅನಂತರ ಗಾಬರಿಗೊಂಡಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಮನೆಗಳನ್ನು ಶೋಧಿಸುವುದು, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯುವುದು, ಕಲ್ಯಾಣದಂತಹ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸುವುದು ಇವೆಲ್ಲ ನಡೆದವು. ಜನರು ರೋಗಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಹೆದರಿದರು. ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಗಿರಣಿ ಕಾರ್ಮಿಕರು ಗುಂಪಾಗಿ ನುಗ್ಗಿದ ಪ್ರಸಂಗವೂ ಆಗ ನಡೆಯಿತು. ಅಲ್ಲಿ ಯಾವ ಜಾತಿಯವರ ಪಕ್ಕದಲ್ಲಿ ಮಲಗಿಸುತ್ತಾರೋ, ಯಾರ ಕೈಯ ನೀರು ಕುಡಿಸುತ್ತಾರೋ ಎಂಬ ಭಯ ಮನೆಮನೆಯಲ್ಲಿತ್ತು.

ಈ ಭಯಕ್ಕೆ ನಗರದ ಮುಖಂಡರು ಕಂಡುಕೊಂಡ ಪರಿಹಾರವೆಂದರೆ ಆಯಾ ಸಮಾಜದವರು ತಮ್ಮ ತಮ್ಮ ಖರ್ಚಿನಲ್ಲಿ ಪ್ರತ್ಯೇಕ ಆಸ್ಪತ್ರೆಗಳನ್ನು ತೆರೆಯುವುದು. ಪಾರಸಿಗಳು, ಜೈನರು, ಖೋಜಾಗಳು, ವಿವಿಧ ಹಿಂದೂ ಜಾತಿಗಳವರು ಹೀಗೆ ತಾತ್ಕಾಲಿಕ ಪ್ಲೇಗ್ ಆಸ್ಪತ್ರೆಗಳನ್ನು ಕಟ್ಟಿದರು. ವ್ಯವಸ್ಥೆ ಫಲಕಾರಿಯಾಯಿತೆಂದೇ ಹೇಳಬೇಕು. ತಮ್ಮವರೇ ಅಡಿಗೆ ಮಾಡುವ, ತಮ್ಮವರೇ ಶುಶ್ರೂಷೆ ಮಾಡುವ ಕಡೆಗೆ ರೋಗಿಗಳು ಧೈರ್ಯದಿಂದ ಬಂದರು, ಬಂಧುಗಳು ರೋಗವನ್ನು ಮುಚ್ಚಿಡುವುದು ಕಡಿಮೆಯಾಯಿತು. ಆದರೆ ಇದರಲ್ಲಿ ಒಂದು ಮೂಲಭೂತವಾದ ಕೊರತೆಯಿತ್ತು. ಆಸ್ಪತ್ರೆಯನ್ನು ಕಟ್ಟಬೇಕಾದರೆ ಆ ಸಮಾಜದಲ್ಲಿ ಒಬ್ಬ ಶೇಠ್ ಇರಬೇಕು, ಒಬ್ಬ ವೈದ್ಯ ಇರಬೇಕು, ಸಭೆ ಸೇರಲು ಒಂದು ಜಾಗ ಇರಬೇಕು. ಈ ಮೂರೂ ಇಲ್ಲದ ಸಮಾಜದವರಿಗೆ ಸರ್ಕಾರಿ ಆಸ್ಪತ್ರೆಯೇ ಗತಿ, ಇಲ್ಲವೇ ಊರಿಗೆ ಓಡುವುದೇ ಗತಿ. ಲಕ್ಷಾಂತರ ಜನ ಹಾಗೆ ಓಡಿದರು.

ಪ್ಲೇಗು ತಗ್ಗಿದರೂ ಈ ಮಾದರಿ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ಹದಿನೈದು ವರ್ಷಗಳು ಮುಂಬಯಿಯಲ್ಲಿ ಸಂಘಸಂಸ್ಥೆಗಳು ಹುಟ್ಟಿದ ಕಾಲ. ಕನ್ನಡ ಕರಾವಳಿಯಿಂದ ಬಂದವರ ಪಾಲೂ ಇದರಲ್ಲಿ ಸಣ್ಣದಲ್ಲ. ಮಂಗಳೂರು, ಉಡುಪಿ, ಕುಂದಾಪುರ, ಹೊನ್ನಾವರ, ಕಾರವಾರಗಳಿಂದ ನೇರವಾಗಿ ಮುಂಬಯಿಗೆ ರೈಲು ಸಿಕ್ಕಿದ್ದು 1998ರಲ್ಲಿ, ಕೊಂಕಣ ರೈಲ್ವೆ ಪೂರ್ಣಗೊಂಡ ಮೇಲೆ. ಅಂದಿನವರು ಬಂದದ್ದು ಕರಾವಳಿಯ ಉಗಿಹಡಗುಗಳಲ್ಲಿ. ಡೆಕ್ಕಿನ ಮೇಲೆ ಮಲಗಿ ಬಂದ ಹುಡುಗನಿಗೆ ಧಕ್ಕೆಯಲ್ಲಿ ಇಳಿದೊಡನೆ ಬೇಕಾದದ್ದು ಊರಿನವರೊಬ್ಬರ ಖೋಲಿಯಲ್ಲಿ ಚಾಪೆ ಹಾಸಲು ಜಾಗ, ಒಂದು ನೌಕರಿ, ಜ್ವರ ಬಂದರೆ ಗಂಜಿ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾಯಿತು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಪ್ರಾರಂಭಿಸಿದರು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್, 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಬಂದವು. ಸಾಲ, ವಿದ್ಯಾರ್ಥಿವೇತನ, ವಸತಿ ಇವೆಲ್ಲ ಆಯಾ ಸಮಾಜದ ಅರ್ಹರಿಗೆ ದೊರೆಯತೊಡಗಿದವು. ಗುಜರಾತಿಗಳು, ಭಾಟಿಯಾಗಳು, ಪಾರಸಿಗಳು ಇದೇ ಕೆಲಸವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ, ಇನ್ನೂ ಮೊದಲಿನಿಂದ ಮಾಡುತ್ತಿದ್ದರು. ಪರಊರಿನಲ್ಲಿ ಬದುಕು ಕಟ್ಟುವವರು ಮೊದಲು ತಮ್ಮವರ ಕೈ ಹಿಡಿಯುವುದನ್ನು ಸಂಕುಚಿತ ಬುದ್ಧಿಯೆಂದು ಹೀಗಳೆಯುವುದು ಸುಲಭ. ಅಂದಿನ ಮುಂಬಯಿಯಲ್ಲಿ ಬೇರೆ ಆಸರೆಯೇ ಇರಲಿಲ್ಲವೆಂಬುದನ್ನು ಮರೆಯಬಾರದು.

ಇದೇ ಕಾಲದಲ್ಲಿ ಮತ್ತೊಂದು ಧಾರೆಯೂ ಹರಿಯಲಾರಂಭಿಸಿತು. ಜಾತಿಯ ಪಟ್ಟಿಯನ್ನು ಕೈಯಲ್ಲಿ ಹಿಡಿಯದೆ, ಬೀದಿಯನ್ನೇ ಪಟ್ಟಿಯಾಗಿ ಇಟ್ಟುಕೊಂಡು ಸೇವೆ ಮಾಡುವ ಸಂಸ್ಥೆಗಳ ಧಾರೆ ಅದು. 1905ರಲ್ಲಿ ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ್ದರು. 1908ರಲ್ಲಿ ಬೆಹರಾಮ್‌ಜಿ ಮಲಬಾರಿ ಮತ್ತು ದಯಾರಾಮ್ ಗಿದುಮಲ್ ಅವರಿಂದ ಮುಂಬಯಿಯಲ್ಲಿ ಸೇವಾ ಸದನವು ಪ್ರಾರಂಭವಾಯಿತು. ಒಬ್ಬರು ಪಾರಸಿ, ಮತ್ತೊಬ್ಬರು ಸಿಂಧಿ. ಭಾರತ ಸೇವಕ ಸಮಾಜದ ಸದಸ್ಯರಾದ ನಾರಾಯಣ ಮಲ್ಹಾರ ಜೋಶಿಯವರು 1911ರಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಗಿರಣಿ ಕಾರ್ಮಿಕರ ಚಾಳುಗಳಲ್ಲಿ ರಾತ್ರಿಶಾಲೆ, ಸಂಚಾರಿ ಪುಸ್ತಕಾಲಯ, ಸಹಕಾರಿ ಸಾಲಸಂಘ, ಬಡವರಿಗೆ ಕಾನೂನು ಸಲಹೆ, ಔಷಧಾಲಯ ಇವು ಅದರ ಕೆಲಸಗಳು. ಕೆಲಸಗಾರರು ಬಹುಮಟ್ಟಿಗೆ ಕಾಲೇಜು ವಿದ್ಯಾರ್ಥಿಗಳು, ಗುಮಾಸ್ತರು, ಯುವ ವಕೀಲರು.

ಈ ಲೀಗಿನ ಅಧ್ಯಕ್ಷಸ್ಥಾನದಲ್ಲಿದ್ದವರು ಸರ್ ನಾರಾಯಣ ಗಣೇಶ ಚಂದಾವರ್ಕರ್. 1855ರಲ್ಲಿ ಉತ್ತರ ಕನ್ನಡದ ಹೊನ್ನಾವರದಲ್ಲಿ ಜನಿಸಿ, 1900ರ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿ, ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಮೆರೆದ ಮಹನೀಯರು. ಅವರು ಅಧ್ಯಕ್ಷರಾಗಿದ್ದ ಇನ್ನೊಂದು ಸಂಸ್ಥೆ ಅಷ್ಟೇ ಮಹತ್ತ್ವದ್ದು. 1906ರ ಅಕ್ಟೋಬರ್ 18ರಂದು ವಿಠ್ಠಲ ರಾಮಜಿ ಶಿಂದೆಯವರು ಪರೇಲ್ ಬಳಿ ಒಂದು ಶಾಲೆಯನ್ನು ತೆರೆಯುವ ಮೂಲಕ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದವರ ಮಕ್ಕಳಿಗೆ ಶಾಲೆ, ವಸತಿಗೃಹ, ಕೈಕೆಲಸದ ತರಬೇತಿ ಅದರ ಉದ್ದೇಶ. ಶಿಂದೆಯವರು ಜನಿಸಿದ್ದು 1873ರಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಅವರ ಸಹೋದರಿ ಜನಾಬಾಯಿಯವರೂ ಈ ಸೇವೆಯಲ್ಲಿ ತೊಡಗಿದ್ದರು. ಮುಂಬಯಿಯಲ್ಲಿ ಯಾರ ಪಟ್ಟಿಯಲ್ಲಿಯೂ ಇಲ್ಲದವರನ್ನು ಹುಡುಕಿಕೊಂಡು ಹೋದ ಮೊದಲಿಗರಲ್ಲಿ ಒಬ್ಬರು ಹೊನ್ನಾವರದವರು, ಒಬ್ಬರು ಜಮಖಂಡಿಯವರು ಎಂಬ ಸಂಗತಿ ಇಲ್ಲಿಯ ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿಯದು.

ಹೀಗೆ ಎರಡು ಬಗೆಯ ಸಂಸ್ಥೆಗಳು ಪಕ್ಕಪಕ್ಕದಲ್ಲಿದ್ದವು. ಒಂದಕ್ಕೆ ಹಣವಿತ್ತು, ಕಟ್ಟಡವಿತ್ತು, ತನ್ನವರೆಂಬ ಮಮತೆಯಿತ್ತು. ಇನ್ನೊಂದಕ್ಕೆ ಹಣ ಕಡಿಮೆ, ಆದರೆ ನಗರದ ಗಲ್ಲಿಗಲ್ಲಿಯ ಪರಿಚಯವಿತ್ತು. ಅವೆರಡೂ ಕೂಡುವ ಸಂದರ್ಭ ಬಂದದ್ದು 1918ರಲ್ಲಿ.

ಆ ವರ್ಷದ ಜೂನ್ 10ರಂದು ಬಂದರಿನಲ್ಲಿ ಕರ್ತವ್ಯದಲ್ಲಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಮಲೇರಿಯಾ ಅಲ್ಲದ ಯಾವುದೋ ಜ್ವರದಿಂದ ಆಸ್ಪತ್ರೆ ಸೇರಿದರು. ಮಹಾಯುದ್ಧದ ಕಾಲ. ಸೈನಿಕರನ್ನು ಹೊತ್ತ ಹಡಗುಗಳು ನಿರಂತರವಾಗಿ ಬಂದುಹೋಗುತ್ತಿದ್ದವು. ಕೆಲವೇ ದಿನಗಳಲ್ಲಿ ಬಂದರಿನ ನೌಕರರು, ಬ್ಯಾಂಕು ಮತ್ತು ಹಡಗು ಕಂಪನಿಗಳ ಗುಮಾಸ್ತರು, ಗಿರಣಿ ಕಾರ್ಮಿಕರು ಮಲಗಿದರು. ಜುಲೈ ಮೊದಲ ವಾರದಲ್ಲಿ ಈ ಅಲೆ ಏರಿ ಇಳಿಯಿತು. ಜನರು ನಿಟ್ಟುಸಿರುಬಿಟ್ಟರು. ಆದರೆ ಜ್ವರ ಆ ವೇಳೆಗೆ ರೈಲು ಹತ್ತಿಯಾಗಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗ ಕಲ್ಯಾಣದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಥಳ್ ಘಾಟ್ ಏರಿ ಇಗತಪುರಿ, ಭುಸಾವಳಗಳ ಮೂಲಕ ಉತ್ತರ ಭಾರತಕ್ಕೂ, ಇನ್ನೊಂದು ಭೋರ್ ಘಾಟ್ ಏರಿ ಪುಣೆ, ಸೊಲ್ಲಾಪುರ, ರಾಯಚೂರುಗಳ ಮೂಲಕ ಮದ್ರಾಸಿನ ಕಡೆಗೂ ಹೋಗುತ್ತದೆ. ಅಂದು ಪುಣೆಯಿಂದ ಮೀಟರ್‌ಗೇಜ್ ಹಿಡಿದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಬೆಂಗಳೂರು. ನಾಡಿಗೆ ಧಾನ್ಯವನ್ನೂ ಅಂಚೆಯನ್ನೂ ಒಯ್ಯಲೆಂದು ಹಾಕಿದ ಹಳಿಗಳೇ ರೋಗವನ್ನೂ ಒಯ್ದವು. ಜ್ವರ ಹೊತ್ತ ಸೈನಿಕರು ಊರಿಗೆ ಮರಳಿದರು. ರೈಲ್ವೆ ಮತ್ತು ಅಂಚೆಯ ನೌಕರರು ಮೊದಲ ಬಲಿಗಳಲ್ಲಿ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಸೆಪ್ಟೆಂಬರಿನಲ್ಲಿ ಮರಳಿ ಬಂದ ಅಲೆ ಮೊದಲಿನದಲ್ಲ. ಎರಡು ಮೂರು ದಿನಗಳಲ್ಲಿ ಶ್ವಾಸಕೋಶಕ್ಕೆ ಇಳಿದು ಗಟ್ಟಿಮುಟ್ಟಾದವರನ್ನೇ ಕೊಂಡೊಯ್ಯುತ್ತಿತ್ತು. ಇಪ್ಪತ್ತರಿಂದ ನಲವತ್ತರ ವಯಸ್ಸಿನವರು, ಅವರಲ್ಲಿಯೂ ಮನೆಯವರ ಆರೈಕೆ ಮಾಡುತ್ತಿದ್ದ ಸ್ತ್ರೀಯರು ಹೆಚ್ಚಾಗಿ ಸತ್ತರು. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದಿಂದಾಗಿ ಧಾನ್ಯ, ಬಟ್ಟೆ, ಸೀಮೆಎಣ್ಣೆಗಳ ಬೆಲೆ ಗಗನಕ್ಕೇರಿತ್ತು. ನಗರದ ಬಹುಪಾಲು ಜನರ ವಾಸ ಒಂದೇ ಖೋಲಿಯ ಬಿಡಾರಗಳಲ್ಲಿ. ವೈದ್ಯರಲ್ಲಿ ಅನೇಕರು ಯುದ್ಧಸೇವೆಗೆ ಹೋಗಿದ್ದರು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ಈ ಜ್ವರಕ್ಕೆ ಔಷಧವೇ ಇರಲಿಲ್ಲ. ಮನುಷ್ಯರಿಂದ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿದ್ದು 1933ರಲ್ಲಿ. ಪೆನಿಸಿಲಿನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಆದ್ದರಿಂದ 1918ರಲ್ಲಿ ಬದುಕುಳಿಸಿದ್ದು ಔಷಧಿಗಿಂತ ಹೆಚ್ಚಾಗಿ ಶುಶ್ರೂಷೆ: ಹೊತ್ತುಹೊತ್ತಿಗೆ ಬಿಸಿನೀರು, ಗಂಜಿ, ಹಾಲು, ಹೊದೆಯಲು ಕಂಬಳಿ, ಎದ್ದು ಓಡಾಡದಂತೆ ತಡೆಯುವ ಒಬ್ಬರು. ಮನೆಯ ಆರು ಜನರೂ ಒಮ್ಮೆಗೆ ಮಲಗಿದರೆ ಈ ಗಂಜಿ ಕಾಸುವವರು ಯಾರು? ಅಂತಹ ಖೋಲಿಗಳಲ್ಲಿ ಜನ ಜ್ವರದಿಂದ ಸತ್ತಷ್ಟೇ ನೀರು ಕೊಡುವವರಿಲ್ಲದೆಯೂ ಸತ್ತರು. ಬೇಕಾದದ್ದು ದೊಡ್ಡ ಶಾಸ್ತ್ರಜ್ಞಾನವಲ್ಲ. ಮೆಟ್ಟಿಲು ಹತ್ತಿ ಬಾಗಿಲು ತಟ್ಟುವ ಕಾಲುಗಳು ಬೇಕಾಗಿದ್ದವು. ಧರ್ಮಸಂಸ್ಥೆಗಳ ಕೈಗೆ ನಿಲುಕುವ ಕೆಲಸವದು.

ನಗರಪಾಲಿಕೆಯ ಆರೋಗ್ಯಾಧಿಕಾರಿಯಾಗಿದ್ದವರು ಡಾ. ಟರ್ನರ್. ಪ್ಲೇಗಿನ ಕಾಲದ ಬಲಾತ್ಕಾರದಿಂದ ಆದ ಅನರ್ಥವನ್ನು ಸರ್ಕಾರ ಮರೆತಿರಲಿಲ್ಲ. ಈ ಬಾರಿ ಮನೆ ಶೋಧನೆಗೆ, ಬಲವಂತದ ಆಸ್ಪತ್ರೆ ವಾಸಕ್ಕೆ ಅದು ಕೈಹಾಕಲಿಲ್ಲ. ಬದಲಾಗಿ ಬಹಳಷ್ಟನ್ನು ಜನರಿಗೇ ಬಿಟ್ಟಿತು. ಇದು ವಿವೇಕವೋ ಕೈಚೆಲ್ಲಿದ್ದೋ ಎಂಬುದರ ಬಗ್ಗೆ ಅಂದಿನ ಪತ್ರಿಕೆಗಳಲ್ಲಿ ಕಟುವಾದ ಚರ್ಚೆ ನಡೆಯಿತು. ಬಾಂಬೆ ಕ್ರಾನಿಕಲ್ ಪತ್ರಿಕೆ ಅಧಿಕಾರಿಗಳನ್ನು ತೀವ್ರವಾಗಿ ಟೀಕಿಸಿತು. ವಿವೇಕವೂ ಕೈಚೆಲ್ಲಿದ್ದೂ ಎರಡೂ ಇದ್ದಿರಬೇಕೆಂದು ತೋರುತ್ತದೆ.

ಏನೇ ಇರಲಿ, ತೆರವಾದ ಜಾಗವನ್ನು ಸಂಸ್ಥೆಗಳು ತುಂಬಿದವು. ಸೋಶಿಯಲ್ ಸರ್ವಿಸ್ ಲೀಗಿನ ಸ್ವಯಂಸೇವಕರು ಚಾಳುಗಳಿಗೆ ಹೋಗಿ ಔಷಧ ಹಂಚಿದರು. ವೈದ್ಯರ ಸಂಘಗಳು ಮುಂದೆ ಬಂದವು. ಜಾತಿಸಂಘಗಳು, ಸಮಾಜಗಳು ತಾತ್ಕಾಲಿಕ ಆಸ್ಪತ್ರೆಗಳಿಗೆ, ಸಂಚಾರಿ ಔಷಧಾಲಯಗಳಿಗೆ ಹಣವನ್ನೂ ಜನರನ್ನೂ ಒದಗಿಸಿದವು. ಹಾಲು, ಬಟ್ಟೆ, ಕಂಬಳಿಗಳ ವಿತರಣೆಯಾಯಿತು. ಪ್ಲೇಗಿನ ಕಾಲದಲ್ಲಿ ಕಲಿತ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂದಿತು. ತಾತ್ಕಾಲಿಕ ಆಸ್ಪತ್ರೆಯನ್ನು ಹೇಗೆ ನಿಲ್ಲಿಸಬೇಕು, ವರ್ಗಣಿಯನ್ನು ಹೇಗೆ ಎತ್ತಬೇಕು, ಲೆಕ್ಕವನ್ನು ಹೇಗೆ ಇಡಬೇಕೆಂಬುದು ಸಮಾಜಗಳ ಹಿರಿಯರಿಗೆ ತಿಳಿದಿತ್ತು. ಯಾವ ಓಣಿಯಲ್ಲಿ ಯಾರಿದ್ದಾರೆಂಬುದು ಲೀಗಿನ ಹುಡುಗರಿಗೆ ತಿಳಿದಿತ್ತು. ಇಂತಹ ಕಾಲದಲ್ಲಿ ಒಂದೊಂದು ಸಂಸ್ಥೆಯೂ ಬೇರೆ ಬೇರೆಯಾಗಿ ಹೊರಟರೆ ಮುಖ್ಯರಸ್ತೆಯ ಕಟ್ಟಡಕ್ಕೆ ಮೂವರು ಹೋಗುತ್ತಾರೆ, ಹಿಂದಿನ ಗಲ್ಲಿಗೆ ಒಬ್ಬರೂ ಹೋಗುವುದಿಲ್ಲ. ಸೇವೆಯ ಕ್ಷೇತ್ರದಲ್ಲಿ ಪಳಗಿದ ಯಾರಿಗಾದರೂ ಇದು ಗೊತ್ತಿರುವ ವಿಷಯ.

ಆದರೂ ಈ ಐಕ್ಯ ಎಷ್ಟು ದೂರ ತಲುಪಿತು? ಉತ್ತರವನ್ನು ಅಂದಿನ ಅಂಕಿಗಳೇ ಕೊಡುತ್ತವೆ. ಮುಂಬಯಿ ನಗರದಲ್ಲಿ ಇನ್‌ಫ್ಲುಯೆಂಜಾದಿಂದ ಸತ್ತವರ ಪ್ರಮಾಣ ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3, ಪಾರಸಿಗಳಲ್ಲಿ 9, ಮುಸಲ್ಮಾನರಲ್ಲಿ 19.2, ಹಿಂದೂಗಳಲ್ಲಿ 18.9. ಅದೇ ಪಟ್ಟಿಯಲ್ಲಿ ಕೆಳಜಾತಿಯ ಹಿಂದೂಗಳೆಂದು ಪ್ರತ್ಯೇಕವಾಗಿ ಎಣಿಸಿರುವವರಲ್ಲಿ 61.6. ಒಂದೇ ನಗರ, ಒಂದೇ ಗಾಳಿ, ಒಂದೇ ಜ್ವರ. ಒಬ್ಬರಲ್ಲಿ ಸಾವಿರಕ್ಕೆ ಎಂಟು, ಇನ್ನೊಬ್ಬರಲ್ಲಿ ಅರವತ್ತೊಂದು. ರೋಗಾಣುವಿಗೆ ಜಾತಿ ತಿಳಿಯದು. ವ್ಯತ್ಯಾಸ ಬಂದದ್ದು ಖೋಲಿಯ ಅಳತೆಯಿಂದ, ಹೊಟ್ಟೆಯ ಸ್ಥಿತಿಯಿಂದ, ಬಾಗಿಲು ತಟ್ಟುವವರು ಬಂದರೇ ಇಲ್ಲವೇ ಎಂಬುದರಿಂದ. ನಗರದ ಕಸ ಗುಡಿಸುವವರು, ಚರಂಡಿ ಬಳಿಯುವವರು, ಬಂದರಿನಲ್ಲಿ ಮೂಟೆ ಹೊರುವವರು ಈ ವರ್ಗಕ್ಕೆ ಸೇರಿದ್ದರು. ಅವರಿಗಾಗಿ ಆಸ್ಪತ್ರೆ ಕಟ್ಟಿಸುವ ಶೇಠ್ ಅವರಲ್ಲಿರಲಿಲ್ಲ. ಅದೇ 1918ರ ಮಾರ್ಚ್ ತಿಂಗಳಲ್ಲಿ, ಜ್ವರ ಬರುವುದಕ್ಕೆ ಮೂರು ತಿಂಗಳು ಮುಂಚೆ, ಶಿಂದೆಯವರು ಇದೇ ಮುಂಬಯಿಯಲ್ಲಿ ಅಸ್ಪೃಶ್ಯತಾ ನಿವಾರಣೆಯ ಪರಿಷತ್ತನ್ನು ಏರ್ಪಡಿಸಿದ್ದರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅದರ ಅಧ್ಯಕ್ಷತೆ ವಹಿಸಿದ್ದರು. ಪರಿಷತ್ತಿನಲ್ಲಿ ವಾದಿಸಿದ ವಿಷಯಕ್ಕೆ ಅಕ್ಟೋಬರಿನ ಅಂಕಿಗಳು ಸಾಕ್ಷ್ಯ ನುಡಿದವು.

ಮುಂಬಯಿಯ ಹೊರಗೂ ಇಂತಹ ಕೂಡುವಿಕೆ ನಡೆಯಿತು. ಅದರಲ್ಲಿ ಸೂರತ್ತಿನ ನಿದರ್ಶನ ಹೆಚ್ಚು ಸ್ವಾರಸ್ಯಕರ. ಅಲ್ಲಿ ದಯಾಳ್‌ಜಿ ದೇಸಾಯಿಯವರು ಅನಾವಿಲ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಒಂದು ಆಶ್ರಮವನ್ನೂ, ಕಲ್ಯಾಣಜಿ ಮೆಹ್ತಾ ಅವರು ಪಾಟೀದಾರ ವಿದ್ಯಾರ್ಥಿಗಳಿಗೆ ಮತ್ತೊಂದು ಆಶ್ರಮವನ್ನೂ ನಡೆಸುತ್ತಿದ್ದರು. ಎರಡೂ ಒಂದೊಂದು ಜಾತಿಯ ಹುಡುಗರಿಗಾಗಿ ಹುಟ್ಟಿದವು. ಜ್ವರ ಬಂದಾಗ ಇಬ್ಬರೂ ತಮ್ಮ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಔಷಧದೊಂದಿಗೆ ಕಳುಹಿಸಿದರು. ದೂರದ ಆದಿವಾಸಿಗಳ ಊರುಗಳಿಗೂ ಹುಡುಗರು ಹೋದರು. ಬ್ರಾಹ್ಮಣರೆಂದೂ ಪಾಟೀದಾರರೆಂದೂ ಬೇರೆಬೇರೆಯಾಗಿ ಉಣ್ಣುತ್ತಿದ್ದ ಹುಡುಗರು ಯಾರ ಗುಡಿಸಲು ಎಂದು ಕೇಳದೆ ಒಳಗೆ ಹೋದದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಒಂದು ಜಾತಿಯ ಉದ್ಧಾರಕ್ಕೆಂದು ಕಟ್ಟಿದ ಸಂಸ್ಥೆ ಎಲ್ಲರ ಸಂಸ್ಥೆಯಾಗಲು ತನ್ನ ಹೆಸರನ್ನು ಬದಲಿಸಬೇಕಾಗಿಲ್ಲವೆಂಬುದಕ್ಕೂ ಇದು ಸಾಕ್ಷಿ. ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿಯೂ ಸ್ವಯಂಸೇವಕರು ಬೀದಿಗಳಲ್ಲಿ ಗಂಜಿ, ಹಾಲು, ಔಷಧಗಳನ್ನು ಹಂಚಿದರು.

ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ಆಗಿದ್ದ ನಾರ್ಮನ್ ವೈಟ್ ತಮ್ಮ ವರದಿಯಲ್ಲಿ, ವಿದ್ಯಾವಂತರೂ ಅನುಕೂಲಸ್ಥರೂ ಬಡವರ ನೆರವಿಗೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಈ ದೇಶದ ಇತಿಹಾಸದಲ್ಲಿ ಬಹುಶಃ ಇದೇ ಮೊದಲೆಂಬ ಅರ್ಥದ ಮಾತನ್ನು ಬರೆದಿದ್ದಾರೆ. ಹೊಗಳಿಕೆ ಸತ್ಯವೇ. ಆದರೆ ಸರ್ಕಾರದ ಬಾಯಲ್ಲಿ ಈ ಹೊಗಳಿಕೆ ಬಂದಾಗ, ಸರ್ಕಾರ ತಾನೇನು ಮಾಡುತ್ತಿತ್ತೆಂಬ ಪ್ರಶ್ನೆಯೂ ಏಳದಿರದು. ದೇಶದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತೆಂದು ಅನಂತರದ ಸಂಶೋಧಕರು ಅಂದಾಜುಮಾಡಿದ್ದಾರೆ. ಜನಗಣತಿ ಪ್ರಾರಂಭವಾದಾಗಿನಿಂದ ಭಾರತದ ಜನಸಂಖ್ಯೆ ಹೆಚ್ಚುವ ಬದಲು ಕುಗ್ಗಿದ ದಶಕವೆಂದರೆ 1911ರಿಂದ 1921ರವರೆಗಿನದು ಒಂದೇ.

ನವೆಂಬರ್, ಡಿಸೆಂಬರುಗಳಲ್ಲಿ ಜ್ವರ ಇಳಿಯಿತು. ಉಳಿದದ್ದು ದುಡಿಯುವವರನ್ನು ಕಳೆದುಕೊಂಡ ಮನೆಗಳು, ತಾಯಿ ಇಲ್ಲದ ಮಕ್ಕಳು, ಊರಿಗೆ ಮರಳಲು ಹಡಗಿನ ಚಾರ್ಜಿಲ್ಲದ ವಿಧವೆಯರು. ಗಂಜಿ ಹಂಚಿದಷ್ಟು ಸುಲಭವಾಗಿ ಇವರ ಕಷ್ಟ ತೀರುವಂತಿರಲಿಲ್ಲ. 1919ರ ಜನವರಿಯಲ್ಲಿ ಬೆಲೆಯೇರಿಕೆಯಿಂದ ಬೇಸತ್ತ ಒಂದು ಲಕ್ಷಕ್ಕೂ ಮಿಕ್ಕಿದ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಚಾಳುಗಳಲ್ಲಿ ಓಡಾಡಿದ ನಾರಾಯಣ ಮಲ್ಹಾರ ಜೋಶಿಯವರ ದೃಷ್ಟಿಯೂ ಆ ಕಡೆಗೆ ತಿರುಗಿತು. ಹಾಲು, ಕಂಬಳಿಗಳಿಂದ ಆಗದ್ದು ನ್ಯಾಯವಾದ ಕೂಲಿಯಿಂದ ಆಗಬೇಕೆಂಬ ನಿಲುವಿಗೆ ಅವರು ಹತ್ತಿರವಾಗುತ್ತ ಹೋದರು. 1920ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಚಂದಾವರ್ಕರರು 1921ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಅಧ್ಯಕ್ಷರಾಗಿ, 1923ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಶಿಂದೆಯವರು 1944ರವರೆಗೆ ಬದುಕಿದ್ದರು. 1936ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಟಾಟಾ ಸಮಾಜಕಾರ್ಯ ಶಾಲೆ ಪ್ರಾರಂಭವಾಗಿ, ಹಸಿದವರ ಮನೆಗೆ ಹೋಗಿ ವಿಚಾರಿಸುವುದೂ ಕಲಿತು ಮಾಡಬೇಕಾದ ಕೆಲಸವೆಂಬ ಮಾನ್ಯತೆ ಪಡೆಯಿತು.

ಸೋಶಿಯಲ್ ಸರ್ವಿಸ್ ಲೀಗ್ ಪರೇಲಿನಲ್ಲಿ ಬೇರೂರಿತು. 1922ರಲ್ಲಿ ಅಲ್ಲಿ ಅದು ಕಟ್ಟಿದ ದಾಮೋದರ ಹಾಲ್ ಹಳೆಯ ಮುಂಬಯಿಗರಿಗೆ ಚಿರಪರಿಚಿತ. ಇತ್ತೀಚೆಗೆ ಪುನರ್ನಿರ್ಮಾಣಕ್ಕೆಂದು ಬಾಗಿಲು ಮುಚ್ಚುವವರೆಗೂ, ನೂರು ವರ್ಷಗಳ ಕಾಲ, ಸುತ್ತಲಿನ ಚಾಳುಗಳ ಗಿರಣಿ ಕಾರ್ಮಿಕರು ಪಾಳಿ ಮುಗಿಸಿ ಬಂದು ನಾಟಕವಾಡಿದ್ದೂ ನೋಡಿದ್ದೂ ಆ ರಂಗದಲ್ಲಿಯೇ.